ರಾಣಿ ಬಾಗ್‌ನ ವಸಂತ: ಹೂ ಹುಡುಕಬೇಕಾದ್ದು ಪಾತಿಯಲ್ಲಲ್ಲ, ಕಾಂಡದಲ್ಲಿ

ಮುಂಬಯಿಯ ಬೈಕಲಾದಲ್ಲಿರುವ ರಾಣಿ ಬಾಗ್‌ನ ಗೇಟು ದಾಟಿದ ಕೂಡಲೇ ಜನರ ಕಾಲು ಪೆಂಗ್ವಿನ್ ಕಟ್ಟಡದ ಕಡೆಗೆ ತಿರುಗುತ್ತದೆ. ಕ್ಯಾಮೆರಾ ಹಿಡಿದು ಬಂದವರಿಗೆ ಅದರಿಂದ ಲಾಭವೇ; ಮರಗಳ ಬುಡ ಖಾಲಿ ಸಿಗುತ್ತದೆ. ದಾಖಲೆಯಲ್ಲಿ ಇದು ವೀರಮಾತಾ ಜಿಜಾಬಾಯಿ ಭೋಸಲೆ ಉದ್ಯಾನ ಮತ್ತು ಮೃಗಾಲಯ. 1862ರಲ್ಲಿ ತೆರೆದಾಗ ವಿಕ್ಟೋರಿಯಾ ಗಾರ್ಡನ್ಸ್. ಬೆಂಗಳೂರಿನ ಲಾಲ್‌ಬಾಗ್‌ನ 240 ಎಕರೆ ಸುತ್ತಿ ರೂಢಿಯಾದವರಿಗೆ ಇಲ್ಲಿನ ಐವತ್ತು ಚಿಲ್ಲರೆ ಎಕರೆ ಕೈತೋಟ ಅನ್ನಿಸಬಹುದು. ಆದರೆ ಮರಗಳ ವೈವಿಧ್ಯದಲ್ಲಿ ಮುಂಬಯಿಯೊಳಗೆ ಇದಕ್ಕೆ ಸಾಟಿಯಿಲ್ಲ. ದೊಡ್ಡವರಿಗೆ ಟಿಕೆಟ್ 50 ರೂಪಾಯಿ. ಬುಧವಾರ ರಜೆ. ಭಾನುವಾರವನ್ನೂ ನೀವೇ ರಜೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ದೊಡ್ಡ ಕೊರತೆ ಸಮಯದ್ದು. ಲಾಲ್‌ಬಾಗ್ ಬೆಳಿಗ್ಗೆ ಆರಕ್ಕೆ ತೆರೆದರೆ ಇಲ್ಲಿ ಟಿಕೆಟ್ ಸಿಗುವುದು ಒಂಬತ್ತೂವರೆಗೆ. ಮಾರ್ಚ್ ಮಧ್ಯದಲ್ಲಿ ಆ ಹೊತ್ತಿಗೆ ಸೂರ್ಯ ಸುಮಾರು 40 ಡಿಗ್ರಿ ಮೇಲೇರಿರುತ್ತಾನೆ. ಹೊಂಬಿಸಿಲಿನ ಆಸೆ ಬಿಟ್ಟು ಬರಬೇಕು. ಹನ್ನೊಂದರವರೆಗಿನ ಒಂದೂವರೆ ತಾಸು ಹೂವಿಗೆ ಇಡಿ. ಆಮೇಲೆ ಸಮುದ್ರದ ಗಾಳಿ ಏಳುತ್ತದೆ, ತೂಗುವ ಗೊಂಚಲು ಒಂದು ಕ್ಷಣ ನಿಲ್ಲುವುದಿಲ್ಲ.

ವಸಂತ ಎಂದರೆ ಮುತ್ತುಗ, ಬೂರುಗ ಎಂದು ಕತ್ತೆತ್ತಿ ನಡೆಯುವವರೇ ಹೆಚ್ಚು. ಆ ಹೂಗಳು ಇರುವುದು ಎಲೆ ಉದುರಿದ ಮೇಲಿನ ಕೊಂಬೆಗಳಲ್ಲಿ. 200 ಮಿ.ಮೀ.ಗಿಂತ ಕಡಿಮೆ ಲೆನ್ಸ್ ಅಲ್ಲಿಗೆ ಮುಟ್ಟುವುದಿಲ್ಲ, ಮುಟ್ಟಿದರೂ ಹಿನ್ನೆಲೆಗೆ ಸಿಗುವುದು ಮುಂಬಯಿಯ ಮಾರ್ಚ್ ಆಕಾಶ: ನೀರು ಬೆರೆಸಿದ ಹಾಲಿನ ಬಣ್ಣ. ಈ ತೋಟದ ನಿಜವಾದ ಸೊಗಸು ಕಾಂಡದಲ್ಲೇ ಹೂ ಬಿಡುವ ಮರಗಳದ್ದು. ಕಣ್ಣಿನ ಎತ್ತರದಲ್ಲೇ ಹೂ, ಹಿಂದೆ ನೆರಳಿನ ಕಪ್ಪು.

ಮೊದಲನೆಯದು ನಾಗಲಿಂಗ. ಬುಡದಿಂದಲೇ ಜಡೆ ಇಳಿಬಿಟ್ಟ ಹಾಗೆ ಗೆಲ್ಲು, ಅದರಲ್ಲಿ ಹೂ. ಹೂವಿನ ನಡುವೆ ನಾಗರಹೆಡೆಯಂತೆ ಬಾಗಿದ ಭಾಗವಿದೆಯಲ್ಲ, ಆ ಹೆಡೆಯ ಚಿತ್ರವನ್ನು ಮುಂದಿನಿಂದ ತೆಗೆದರೆ ಗುಲಾಬಿ ಬಣ್ಣದ ಒಂದು ಮುದ್ದೆ ಮಾತ್ರ ಕಾಣುತ್ತದೆ. ಪಕ್ಕದಿಂದ, ಹೂವಿನ ಮಟ್ಟಕ್ಕೆ ಕೂತು ತೆಗೆಯಿರಿ. ಆಗ ಕೆಳಗಿನ ಕೇಸರಗಳ ಉಂಗುರ, ಅದರ ಮೇಲೆ ಬಾಗಿದ ಹೆಡೆ, ನಡುವಿನ ಸಂದು ಮೂರೂ ಬಿಡಿಬಿಡಿಯಾಗಿ ಬರುತ್ತವೆ. ಎಲ್ಲರೂ ಎಡವುವುದು ತೀರಾ ಹತ್ತಿರ ಹೋಗಿ. ಎಪಿಎಸ್-ಸಿ ಸೆನ್ಸರಿನ (ಫುಲ್ ಫ್ರೇಮ್‌ಗಿಂತ ಚಿಕ್ಕದು) ಕ್ಯಾಮೆರಾಕ್ಕೆ 100 ಮಿ.ಮೀ. ಮ್ಯಾಕ್ರೊ, ಅಂದರೆ ಹತ್ತಿರದ ಚಿತ್ರದ ಲೆನ್ಸ್, ಹಾಕಿ ಅರ್ಧ ಮೀಟರಿನಿಂದ ತೆಗೆದರೆ ಲೆನ್ಸಿನ ಕಿಂಡಿಯನ್ನು ಎಫ್/11ಕ್ಕೆ ಕಿರಿದಾಗಿಸಿದರೂ ಸ್ಪಷ್ಟವಾಗುವ ಆಳ ಅರ್ಧ ಸೆಂಟಿಮೀಟರೂ ಇಲ್ಲ. ಹೆಡೆಯ ತುದಿ ಚೂಪಾದರೆ ಎಸಳು ಮಂಜು. ಒಂದು ಮೀಟರಿಗೆ ಹಿಂದೆ ಸರಿದರೆ ಅದೇ ಎಫ್/11ರಲ್ಲಿ ಸುಮಾರು ಮೂರು ಸೆಂಟಿಮೀಟರ್ ಸಿಗುತ್ತದೆ. ಮಿಕ್ಕಿದ್ದನ್ನು ಕ್ರಾಪ್ ಮಾಡಿಕೊಳ್ಳಿ. ಫೋಕಸ್ ಇಡಬೇಕಾದ್ದು ಹೆಡೆಯ ಮುಂಚೂಣಿಯ ಕೇಸರಗಳ ಮೇಲೆ. ಕೂರುವ ಮೊದಲು ಒಮ್ಮೆ ಮೇಲೆ ನೋಡಿ: ಈ ಮರದ ಕಾಯಿ ಸುಮ್ಮನೆ ಫಿರಂಗಿ ಗುಂಡಿನ ಹೆಸರು ಪಡೆದದ್ದಲ್ಲ.

ಎರಡನೆಯದು ಅಶೋಕ. ರಸ್ತೆ ಬದಿಯಲ್ಲಿ ಕಂಬದಂತೆ ನಿಲ್ಲುವ ಆ ಇನ್ನೊಂದಲ್ಲ, ಸೀತೆಯ ಅಶೋಕ. ಇದರ ಹೂವಿಗೆ ಎಸಳೇ ಇಲ್ಲ, ಬಣ್ಣವೆಲ್ಲ ಪುಷ್ಪಪತ್ರದ್ದು (ಬೇರೆ ಹೂಗಳಲ್ಲಿ ಎಸಳಿನ ಹೊರಗೆ ಹಸಿರಾಗಿರುವ ಭಾಗ). ಅರಳಿದಾಗ ಕಿತ್ತಳೆ ಮಿಶ್ರಿತ ಹಳದಿ, ಹಳೆಯದಾದಂತೆ ಕೆಂಪು. ಎರಡೂ ಬಣ್ಣ ಇರುವ ಗೊಂಚಲನ್ನು ಆರಿಸಿ; ಪೂರ್ತಿ ಕೆಂಪಾದದ್ದು ಚಿತ್ರದಲ್ಲಿ ಬಾಡಿದ ಹಾಗೆ ಕಾಣುತ್ತದೆ.

ಬರ್ಮಾ ಮೂಲದ ಆಮ್ಹರ್ಸ್ಟಿಯಾ (ಇಲ್ಲಿ ಎಲ್ಲರೂ ಉರ್ವಶಿ ಎನ್ನುತ್ತಾರೆ) ತೋಟದ ರಾಣಿ. ಕೆಂಪು ಹೂವಿನ ತುದಿಯಲ್ಲಿ ಹಳದಿ ಚುಕ್ಕೆ, ತಲೆಕೆಳಗಾಗಿ ತೂಗುವ ಗೊಂಚಲು. ಗಾಳಿಗೆ ಶಟರ್ 1/500 ಸೆಕೆಂಡ್ ಬೇಕು, ನೆರಳಲ್ಲಿ ಅದಕ್ಕೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 800 ಅಥವಾ ಹೆಚ್ಚು. ಇಲ್ಲಿ ಕೆಡುವುದು ಕೆಂಪು. ಒಟ್ಟು ಹಿಸ್ಟೋಗ್ರಾಂ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಸರಿಯಿದ್ದರೂ ಕೆಂಪು ಚಾನೆಲ್ ಒಂದೇ ತುಂಬಿ ಹರಿದಿರುತ್ತದೆ, ಎಸಳಿನ ನರಗಳೆಲ್ಲ ಮಾಯವಾಗಿ ಕುಂಕುಮ ಚೆಲ್ಲಿದ ಹಾಗೆ ಚಪ್ಪಟೆ. ಕೆಂಪು, ಹಸಿರು, ನೀಲಿಯನ್ನು ಬೇರೆಬೇರೆಯಾಗಿ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಂ ತೆರೆದಿಟ್ಟು ಎಕ್ಸ್‌ಪೋಷರ್ ಮೈನಸ್ 0.7ರಿಂದ ಮೈನಸ್ 1ರವರೆಗೆ ಇಳಿಸಿ, ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಕಡತ) ತೆಗೆಯಿರಿ. ಫೋನಾದರೆ ಹೂವಿನ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಬೆಳಕನ್ನು ಕೆಳಗೆಳೆಯಿರಿ. ಮುತ್ತುಗಕ್ಕೂ ಇದೇ ಮದ್ದು.

ಇನ್ನೊಂದು ಕಾಟ ಹಸಿರಿನದ್ದು. ದಟ್ಟ ಎಲೆಗಳ ಮೂಲಕ ಸೋಸಿ ಬರುವ ಬೆಳಕು ಹಸಿರಾಗಿರುತ್ತದೆ. ಬಣ್ಣದ ಛಾಯೆಯನ್ನು ತಾನಾಗಿ ಹೊಂದಿಸುವ ಆಟೊ ವೈಟ್ ಬ್ಯಾಲೆನ್ಸ್ ಅದನ್ನು ಸರಿಮಾಡಲು ಹೋಗಿ ಒಂದು ಫ್ರೇಮ್ ಹಸಿರು, ಮುಂದಿನದು ನೇರಳೆ ಮಾಡುತ್ತದೆ. ಪ್ರತಿ ಮರದ ಕೆಳಗೆ ಒಂದು ಗ್ರೇ ಕಾರ್ಡ್ (ಬಣ್ಣ ತಾಳೆ ನೋಡಲು ಇರುವ ಬೂದು ರಟ್ಟು) ಚಿತ್ರ ತೆಗೆದಿಟ್ಟುಕೊಂಡರೆ ಮನೆಯಲ್ಲಿ ಪರದಾಟವಿಲ್ಲ. ಎಲೆ ಸಂದಿಯಿಂದ ಹೂವಿನ ಮೇಲೆ ಬಿಸಿಲಿನ ಬೊಟ್ಟು ಬಿದ್ದರೆ ಯಾವ ಸೆಟ್ಟಿಂಗೂ ಸಾಲದು; ಬೆಳಕು ಹಾಯುವ ತೆಳು ಬಿಳಿ ಕೊಡೆಯನ್ನು ಜೊತೆಗಾರರ ಕೈಗೆ ಕೊಡಿ. ಲೆನ್ಸಿನ ಮುಂದೆ ಹಾಕುವ ಸರ್ಕ್ಯುಲರ್ ಪೋಲರೈಸರ್ ಫಿಲ್ಟರ್ ಎಲೆಯ ಹೊಳಪನ್ನು ಚೆನ್ನಾಗಿ ಕಳೆಯುತ್ತದೆ, ಆದರೆ ಒಂದೂವರೆ ಸ್ಟಾಪ್‌ನಷ್ಟು, ಅಂದರೆ ಅರ್ಧಕ್ಕಿಂತ ಹೆಚ್ಚು, ಬೆಳಕನ್ನೂ ತಿನ್ನುತ್ತದೆ. ಗಾಳಿಯಿದ್ದಾಗ ಬಿಚ್ಚಿಡಿ.

ದೃಶ್ಯಚಿತ್ರಕ್ಕೆ ದಪ್ಪ ಕಾಂಡದ ಬಾವೊಬಾಬ್ ಮರ ಇದೆ. ಸವಣೂರಿನ ದೊಡ್ಡಹುಣಸೆ ಕಂಡವರಿಗೆ ಪರಿಚಯ ಬೇಡ. ವಸಂತದಲ್ಲಿ ಎಲೆಯಿರುವುದಿಲ್ಲ, ಕಾಂಡದ ಮಡಿಕೆಗಳು ಓರೆ ಬೆಳಕಿನಲ್ಲಿ ಎದ್ದು ಕಾಣುತ್ತವೆ. ವೈಡ್ ಲೆನ್ಸ್ ಮೇಲಕ್ಕೆತ್ತಿದರೆ ಮರ ಹಿಂದಕ್ಕೆ ವಾಲುತ್ತದೆ, ದೂರ ಸರಿದು ಕ್ಯಾಮೆರಾವನ್ನು ನೆಟ್ಟಗೆ ಹಿಡಿಯಿರಿ. ಭಾವು ದಾಜಿ ಲಾಡ್ ಮ್ಯೂಸಿಯಂ ಬದಿಯ ಕಲ್ಲಾನೆ, ಘಾರಾಪುರಿಗೆ ಎಲಿಫೆಂಟಾ ಎಂಬ ಹೆಸರು ಬರಲು ಕಾರಣವಾದದ್ದು, ಅದೂ ಮರಗಳ ಜೊತೆ ಒಳ್ಳೆಯ ಫ್ರೇಮ್. ಪಾಲಿಕೆಯ ವಾರ್ಷಿಕ ಪುಷ್ಪ ಪ್ರದರ್ಶನದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಕುಂಡದ ಹೂ, ಸೆಲ್ಫಿ, ಜನಜಂಗುಳಿ.

ಮರ ಸಿಗದಿದ್ದರೆ ಮಾಳಿಗಳನ್ನು ಕೇಳಿ, ಆದರೆ ನಮ್ಮ ಕನ್ನಡ ಹೆಸರುಗಳು ಅವರಿಗೆ ಗೊತ್ತಾಗುವುದಿಲ್ಲ, ಮರಾಠಿಯವು ಬೇಕು. ನಾಗಲಿಂಗ ಅವರಿಗೆ ಕೈಲಾಸಪತಿ, ಮುತ್ತುಗ ಪಳಸ್, ಬೂರುಗ ಸಾವರ್. ಏಪ್ರಿಲ್ ಕಳೆಯುವ ಹೊತ್ತಿಗೆ ಬರುವವರು ಇನ್ನೆರಡು ನೆನಪಿಡಿ: ಕಕ್ಕೆಗೆ ಬಹಾವಾ, ಹೊಳೆದಾಸವಾಳಕ್ಕೆ ತಾಮ್ಹಣ. ಬೈಕಲಾ ಸ್ಟೇಷನ್ನಿನಲ್ಲಿ ಪೂರ್ವಕ್ಕೆ ಇಳಿದರೆ ನಡೆದೇ ಹೋಗಬಹುದು.