ತೋಳಿಗೆ ಕಟ್ಟುವ ಬಿಪಿ ಮಷಿನ್: ಎರಡು ವರ್ಷ ಬಳಸಿದ ಮೇಲೆ

ನಮ್ಮ ಅತ್ತೆಗೆ ಎಪ್ಪತ್ತು ದಾಟಿದೆ. ಅವರ ಬಿಪಿ ಸುಲಭಕ್ಕೆ ಬಗ್ಗುವುದಲ್ಲ. ಆಮ್ಲೋಡಿಪಿನ್, ಟೆಲ್ಮಿಸಾರ್ಟನ್, ಜೊತೆಗೆ ಮೂತ್ರ ಜಾಸ್ತಿ ಹೋಗಿಸುವ ಕ್ಲೋರ್‌ಥಾಲಿಡೋನ್, ಮೂರೂ ನುಂಗಿದರೂ ಕ್ಲಿನಿಕ್ಕಿನಲ್ಲಿ ಮೇಲಿನ ಅಂಕಿ 170ರ ಆಸುಪಾಸು. ನಾಲ್ಕನೇ ಮಾತ್ರೆ ಬರೆಯುವ ಮುಂಚೆ ಮನೆಯಲ್ಲಿ ನೋಡಿ ಬರೆದುಕೊಂಡು ಬನ್ನಿ ಎಂದರು ಡಾಕ್ಟರು. ಹಾಗೆ ಬಂದದ್ದು ಈ ಮಷಿನ್.

ಮಷಿನ್ ಚೆನ್ನಾಗಿದೆ. ಒಂದೇ ಬಟನ್, ದೊಡ್ಡ ಅಂಕಿ, ಹಳೆಯ ರೀಡಿಂಗ್‌ಗಳೂ ಒಳಗೆ ಉಳಿಯುತ್ತವೆ. ತಕರಾರು ತೋಳಿಗೆ ಸುತ್ತುವ ಪಟ್ಟಿಯದು. ಡಬ್ಬಿಯಲ್ಲಿ ಬಂದದ್ದು 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ. ಅತ್ತೆಯ ತೋಳು 35. ಪಟ್ಟಿ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಇಷ್ಟು ಮುಖ್ಯವಾದ ವಿಷಯ ಡಬ್ಬಿಯ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿದೆ! ದೊಡ್ಡ ಪಟ್ಟಿಗೆ ಬೇರೆ ದುಡ್ಡು ಕೊಟ್ಟೆವು. ಅದನ್ನು ಕಟ್ಟಿದ ಮೇಲೆ ಅದೇ ತೋಳಿನಲ್ಲಿ ಏಳೆಂಟು ಕಡಿಮೆ ಬಂತು. ಕೊಳ್ಳುವ ಮುಂಚೆ ದರ್ಜಿಯ ಟೇಪು ಹಿಡಿದು ತೋಳಿನ ನಡುಭಾಗ ಅಳೆಯಿರಿ.

ಕೂರಿಸುವುದು ಇನ್ನೊಂದು ಕೆಲಸ. ಐದು ನಿಮಿಷ ಸುಮ್ನೆ ಕೂರಬೇಕು, ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ. ಅತ್ತೆ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಲೇ ತೋಳು ಚಾಚುತ್ತಿದ್ದರು. ಮಾತಾಡಿದರೂ ಏರುತ್ತದೆ. ಈಗ ಬೆಳಿಗ್ಗೆ ಮಾತ್ರೆಗೆ, ಕಾಫಿಗೆ ಮುಂಚೆ ಒಂದು ನಿಮಿಷ ಬಿಟ್ಟು ಎರಡು ಸಲ, ರಾತ್ರಿ ಮತ್ತೆರಡು ಸಲ. ಎರಡೂ ಅಂಕಿ ಒಂದೇ ಇರುವುದಿಲ್ಲ. ಅದು ಮಷಿನ್ ಕೆಟ್ಟದ್ದಲ್ಲ, ಸರಾಸರಿ ನೋಡಬೇಕು. ಮನೆಯಲ್ಲಿ 135/85 ಬಂದರೆ ಕ್ಲಿನಿಕ್ಕಿನ 140/90ಕ್ಕೆ ಸಮ ಅಂತ ಡಾಕ್ಟರು ಹೇಳಿದರು.

ಅತ್ತೆಯದು ಇಷ್ಟೆಲ್ಲ ಸರಿಮಾಡಿದರೂ 150ರ ಮೇಲೇ ಇತ್ತು. ಅಂದರೆ ಕ್ಲಿನಿಕ್ಕಿಗೆ ಹೋದಾಗಿನ ಗಾಬರಿಗೆ ಏರಿದ್ದಷ್ಟೇ ಅಲ್ಲ. ಆಗ ಉಪಯೋಗಕ್ಕೆ ಬಂದದ್ದು ಪುಸ್ತಕ. ಅಂಕಿಯ ಪಕ್ಕ ಮಂಡಿನೋವು, ನಿದ್ದೆ, ಊಟ ಅಂತ ಬರೆದಿದ್ದೆವು. ಮಂಡಿನೋವಿನ ದಿನಗಳಲ್ಲೇ ಬಿಪಿ ಜಿಗಿದಿತ್ತು. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: ನೋವಿಗೆ ಏನು ತಗೋತೀರಮ್ಮ? ಮೆಡಿಕಲ್ ಶಾಪಿನಿಂದ ತರಿಸಿಕೊಳ್ಳುತ್ತಿದ್ದ ಡೈಕ್ಲೋಫೆನಾಕ್! ಅಂಥ ನೋವಿನ ಮಾತ್ರೆ ಉಪ್ಪು, ನೀರನ್ನು ಮೈಯಲ್ಲೇ ಹಿಡಿದಿಟ್ಟು ಬಿಪಿ ಏರಿಸುತ್ತದಂತೆ. ಅದು ನಿಂತಿತು. ಹಪ್ಪಳ, ಬಾಳಕ ಮೆಣಸಿನಕಾಯಿಗೂ ಕತ್ತರಿ ಬಿತ್ತು, ಮುನಿಸಿನ ಜೊತೆ.

ಆಮೇಲೆ ನಾಲ್ಕನೇ ಮಾತ್ರೆಯಾಗಿ ಸ್ಪೈರೊನೊಲ್ಯಾಕ್ಟೋನ್ ಸೇರಿಸಿದರು. ಇದು ಟೆಲ್ಮಿಸಾರ್ಟನ್ ಜೊತೆಗಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು, ಅದಕ್ಕೇ ಆಗಾಗ ರಕ್ತಪರೀಕ್ಷೆ. ಒಳ್ಳೆಯದೆಂದು ನೆಂಟರು ತಂದುಕೊಟ್ಟ ಕಡಿಮೆ ಸೋಡಿಯಂ ಉಪ್ಪಿನಲ್ಲೂ ಪೊಟ್ಯಾಸಿಯಮ್ಮೇ ಇರುವುದರಿಂದ ಅದನ್ನು ಮುಟ್ಟಬೇಡಿ ಎಂದರು. ಈಗ 130ರ ಸುತ್ತ ಇದೆ.

ಬೆಳಿಗ್ಗೆ ಎದ್ದಾಗ ತಲೆ ಸುತ್ತು ಶುರುವಾದಾಗಲೂ ಮಷಿನ್ ನೆರವಾಯಿತು. ಕೂತಾಗ ಒಮ್ಮೆ, ನಿಂತ ಮೇಲೆ ಒಮ್ಮೆ ನೋಡಿದರೆ ಮೇಲಿನದು 20ಕ್ಕಿಂತ ಜಾಸ್ತಿ ಕುಸಿಯುತ್ತಿತ್ತು. ವಯಸ್ಸಾದವರು ಬೀಳುವುದು ಹೀಗೇ ಅಲ್ವಾ? ಡಾಕ್ಟರು ಡೋಸ್ ಬದಲಿಸಿದರು.

ಅಡಾಪ್ಟರ್ ಡಬ್ಬಿಯಲ್ಲಿಲ್ಲ, ನಾಲ್ಕು ಸೆಲ್ ಬೇಕು. ಪಟ್ಟಿಯ ಅಂಟು ಈಗ ಸಡಿಲ, ಗಾಳಿ ತುಂಬುವಾಗ ಪಟಕ್ಕನೆ ಬಿಚ್ಚಿಕೊಳ್ಳುತ್ತದೆ. ಎದೆಬಡಿತ ತಾಳ ತಪ್ಪುವವರಿಗೆ ಇಂಥ ಮಷಿನ್ ಸರಿಯಾಗಿ ತೋರಿಸದೇ ಇರಬಹುದು, ಮೊದಲು ಡಾಕ್ಟರನ್ನು ಕೇಳಿ.

ಐದಕ್ಕೆ ನಾಲ್ಕು ಅಂಕ. ಉಳಿದ ಒಂದು, ದೊಡ್ಡ ಪಟ್ಟಿಯನ್ನು ಬೇರೆಯಾಗಿ ಮಾರುವುದಕ್ಕೆ ಕಡಿತ.