ಇನ್ನೋವಾ ಹೈಕ್ರಾಸ್ ಹೈಬ್ರಿಡ್: ಬೆಳಗಾವಿಯಲ್ಲಿ ಓಡಿಸಿ ಕಂಡಿದ್ದು

ನಮ್ಮ ಕಡೆ ಇನ್ನೋವಾ ಅಂದ್ರೆ ಡೀಸೆಲ್ ಗಾಡಿ ಅಂತಲೇ ಲೆಕ್ಕ. ಹೈಕ್ರಾಸ್‌ನಲ್ಲಿ ಡೀಸೆಲ್ ಇಲ್ಲವೇ ಇಲ್ಲ. ಹೈಬ್ರಿಡ್ ಅಂತ ಬರೆದಿದ್ದು ನೋಡಿ ಪೆಟ್ರೋಲ್ ಬಂಕಿನಲ್ಲಿ ಎಲ್ಲರೂ ಕೇಳುತ್ತಾರೆ, "ಚಾರ್ಜ್ ಎಲ್ಲಿ ಮಾಡ್ತೀರಿ?" ಎಲ್ಲೂ ಮಾಡಬೇಕಿಲ್ಲ. 2.0 ಲೀಟರ್ ಪೆಟ್ರೋಲ್ ಎಂಜಿನ್, ಜೊತೆಗೆ ಕರೆಂಟಿನ ಮೋಟರ್, ಮುಂದಿನ ಸೀಟುಗಳ ಕೆಳಗೆ ಪುಟ್ಟ ಬ್ಯಾಟರಿ. ಬ್ರೇಕ್ ಒತ್ತಿದಾಗ, ಇಳಿಜಾರಿನಲ್ಲಿ ಕಾಲು ತೆಗೆದಾಗ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ. ಸಾಲದಿದ್ದರೆ ಎಂಜಿನ್ ತುಂಬಿಸುತ್ತದೆ.

ಇದರ ನಿಜವಾದ ಸುಖ ಊರೊಳಗೆ. ಟಿಳಕವಾಡಿಯ ಎರಡನೇ ರೈಲ್ವೆ ಗೇಟ್ ಬಿದ್ದರೆ ಎಂಜಿನ್ ಬಂದ್. ಎಸಿ ಮಾತ್ರ ತಣ್ಣಗೆ ನಡೆದೇ ಇರುತ್ತದೆ, ಅದರ ಕಂಪ್ರೆಸರ್ ಓಡುವುದು ಬ್ಯಾಟರಿಯಿಂದ. ಮೊದಲ ಸಲ ಅವ್ವ ಗಾಬರಿಯಾಗಿ, "ಗಾಡಿ ಬಂದ್ ಬಿತ್ತೇನಪಾ?" ಅಂದಳು. ಗೇಟ್ ಎತ್ತಿದ ಕೂಡಲೇ ಸದ್ದಿಲ್ಲದೆ ಮುಂದೆ ಸರಿಯಿತು. ಖಡೇಬಜಾರಿನ ಗದ್ದಲದಲ್ಲೂ ಹಾಗೇ, ನಿಧಾನ ಹೋಗುವಾಗ ಹೆಚ್ಚಿನ ಕೆಲಸ ಮೋಟರಿನದೇ. ಕ್ಲಚ್ ತುಳಿಯುವ ಕಾಟವಿಲ್ಲ, ಜರ್ಕ್ ಇಲ್ಲ. ಹಳೆಯ ಇನ್ನೋವಾ ಕ್ರಿಸ್ಟಾಗಿಂತ ಇದರ ಒಳನೆಲ ತಗ್ಗಿನಲ್ಲಿರುವುದರಿಂದ ಅವ್ವ ಯಾರ ಕೈಯೂ ಹಿಡಿಯದೆ ಹತ್ತುತ್ತಾಳೆ. ನನಗೆ ಇದೇ ದೊಡ್ಡ ಸಮಾಧಾನ.

ಜಾಂಬೋಟಿ ದಾಟಿ ಚೋರ್ಲಾ ಘಾಟಿಗೆ ಹೋದರೆ ಗಾಡಿಯ ಇನ್ನೊಂದು ಗುಣ ಗೊತ್ತಾಗುತ್ತದೆ. ಗೋವಾ ಕಡೆ ಇಳಿಯುವಾಗ ವೇಗ ತಡೆಯುವ ಕೆಳಗಿನ ಗೇರಿಗೆ ಹಾಕಬೇಕು. ಬ್ಯಾಟರಿ ಚಿಕ್ಕದು, ಬೇಗ ತುಂಬುತ್ತದೆ. ಆಮೇಲೆ ಎಂಜಿನ್ ಜೋರಾಗಿ ಸದ್ದು ಮಾಡತೊಡಗುತ್ತದೆ. ಹೆದರಬೇಡಿ. ಅದು ಪೆಟ್ರೋಲ್ ಸುಡುತ್ತಿಲ್ಲ, ಗಾಡಿಯ ವೇಗ ಹಿಡಿದಿಡುತ್ತಿದೆ. ಇದರಿಂದ ಬ್ರೇಕ್ ಬಿಸಿಯಾಗುವುದಿಲ್ಲ. ವಾಪಸ್ ಹತ್ತುವಾಗ ಎಂಜಿನ್, ಮೋಟರ್ ಎರಡೂ ಸೇರಿ 186 ಪಿಎಸ್ (ಅಶ್ವಶಕ್ತಿಯ ಲೆಕ್ಕ) ಶಕ್ತಿ, ಏಳು ಜನ ಕೂತರೂ ಎಲ್ಲೂ ತಿಣುಕುವುದಿಲ್ಲ. ಆದರೆ ಕಾಲು ಒತ್ತಿ ಹಿಡಿದರೆ ಎಂಜಿನ್ ಒಂದೇ ಸಮನೆ ಮೊರೆಯುತ್ತದೆ. ಡೀಸೆಲ್ ಗಾಡಿಯಲ್ಲಿ ಗೇರ್ ಬದಲಿಸಿ ಎಳೆದು ರೂಢಿಯಿದ್ದವರಿಗೆ ಇದು ಒಗ್ಗಲು ಸ್ವಲ್ಪ ಟೈಮ್ ಬೇಕು.

ಮೈಲೇಜು? ಕಾಗದದ ಮೇಲೆ ಲೀಟರಿಗೆ 23.24 ಕಿ.ಮೀ. ಧಾರವಾಡದ ಹೆದ್ದಾರಿಯಲ್ಲಿ 80–90ರಲ್ಲಿ ಹೋದರೆ ನನಗೆ 18ರ ಆಸುಪಾಸು ಸಿಗುತ್ತದೆ. 110 ದಾಟಿಸಿದರೆ ಜೋರಾಗಿ ಇಳಿಯುತ್ತದೆ. ಆ ವೇಗದಲ್ಲಿ ಭಾರವೆಲ್ಲ ಎಂಜಿನ್ ಮೇಲೆ, ಬ್ರೇಕ್ ಒತ್ತುವುದೂ ಕಡಿಮೆ, ಬ್ಯಾಟರಿಗೆ ಸಿಗುವುದೇನು?

ಸವದತ್ತಿ ಗುಡ್ಡಕ್ಕೆ ಮನೆಮಂದಿಯೆಲ್ಲ ಅಡುಗೆ ಪಾತ್ರೆ ಸಮೇತ ಹೋಗುವವರು ಕ್ಯಾರಿಯರ್ ಹಾಕಿಸಿಕೊಳ್ಳಿ. ಮೂರನೇ ಸಾಲಿನಲ್ಲಿ ಜನ ಕೂತರೆ ಹಿಂದೆ ಸುಮಾರು 300 ಲೀಟರ್ ಜಾಗ ಮಾತ್ರ. ಬ್ಯಾಟರಿ ಹಾಳಾದರೆ ಏನು ಗತಿ ಅಂತ ಬಹಳ ಜನ ಚಿಂತೆ ಮಾಡುತ್ತಾರೆ. ಅದಕ್ಕೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಇದೆ.

ಹೈಬ್ರಿಡ್ ಇಲ್ಲದ ಹೈಕ್ರಾಸ್ ಕೂಡ ಸಿಗುತ್ತದೆ, ಲಕ್ಷಗಟ್ಟಲೆ ಕಡಿಮೆ ಬೆಲೆಗೆ. ನಿಮ್ಮ ಓಡಾಟ ಜಾಸ್ತಿ ಪುಣೆ, ಬೆಂಗಳೂರು ಹೆದ್ದಾರಿಯಲ್ಲೇ ಅಂದರೆ ಮೊದಲು ಅದನ್ನು ಓಡಿಸಿ ನೋಡಿ.