5.38 ತೆಗೆದು 4.88 ಹಾಕಿಸಿದ ಹಳೇ ಜೀಪು: ಟ್ರೇಲರ್ ಎಳೆಯುವವರಿಗೆ ನನ್ನ ಅನುಭವ

ಜೀಪು ಹಳೇ ಮಹೀಂದ್ರ ಸಿಜೆ3ಬಿ. ಪೆಟ್ರೋಲ್ ಎಂಜಿನ್ ಹೋಗಿ ಟ್ರ್ಯಾಕ್ಟರ್ ಮೂಲದ ಡೀಸೆಲ್ ಎಂಜಿನ್ ಬಂದು ಬಹಳ ಕಾಲವಾಯಿತು. ಗೇರ್‌ಬಾಕ್ಸ್ ಮಾತ್ರ ಮೊದಲಿನದೇ, ಮೂರು ಗೇರಿನ ಟಿ-90. ತೋಟ ಅತ್ತಿಗುಂಡಿ ಕಡೆ. ಕೊಯ್ಲಿನಲ್ಲಿ ಕಾಫಿ ಮೂಟೆ ಟ್ರೇಲರಿಗೆ ತುಂಬಿ ಕೈಮರದ ಇಳಿಜಾರಿನಲ್ಲಿ ಚಿಕ್ಕಮಗಳೂರಿಗೆ ಇಳಿಸುವುದು, ವಾಪಸ್ ಬರುವಾಗ ಗೊಬ್ಬರ ಹತ್ತಿಸುವುದು ಇದರ ಕೆಲಸ. ಆಗಾಗ ಬೇಲೂರು ಮೇಲೆ ಹಾಸನಕ್ಕೂ ಹೋಗುತ್ತದೆ. ಇದರ ಎರಡೂ ಆಕ್ಸಲ್‌ನ ಕ್ರೌನ್-ಪಿನಿಯನ್ (ಶಾಫ್ಟಿನ ತಿರುಗಾಟವನ್ನು ಚಕ್ರಗಳಿಗೆ ದಾಟಿಸುವ ಹಲ್ಲುಚಕ್ರದ ಜೋಡಿ) ಬದಲಿಸಿದೆ. ಆಕ್ಸಲ್ ರೇಶಿಯೋ, ಅಂದರೆ ಚಕ್ರಗಳು ಒಂದು ಸುತ್ತು ತಿರುಗಲು ಶಾಫ್ಟು ಎಷ್ಟು ಸುತ್ತಬೇಕು ಅನ್ನುವ ಲೆಕ್ಕ, 5.38 ಇದ್ದದ್ದನ್ನು 4.88 ಮಾಡಿಸಿದೆ. ಅದಾದ ಮೇಲೆ ಕೆಲವು ಕೊಯ್ಲು, ಕೆಲವು ಮಳೆಗಾಲ ಕಳೆದಿವೆ. ಈಗ ಧೈರ್ಯವಾಗಿ ಹೇಳಬಲ್ಲೆ: ಘಾಟಿಯಲ್ಲಿ ಟ್ರೇಲರ್ ಎಳೆಯುವ ಡೀಸೆಲ್ ಜೀಪಿಗೆ 4.88 ಒಳ್ಳೆಯದು. ಆದರೆ 4.27ಕ್ಕೆ ಹೋಗಬೇಡಿ. ಕಾರಣ ಹತ್ತುವುದರಲ್ಲಿ ಇಲ್ಲ, ಇಳಿಯುವುದರಲ್ಲಿ ಇದೆ.

ಮೊದಲು ನಿಮ್ಮ ಜೀಪಿನಲ್ಲಿ ಏನಿದೆ ಅಂತ ನೋಡಿಕೊಳ್ಳಿ. 5.38 ಅಂದರೆ ಕ್ರೌನ್‌ನಲ್ಲಿ 43 ಹಲ್ಲು, ಪಿನಿಯನ್‌ನಲ್ಲಿ 8. 4.88 ಅಂದರೆ 39 ಮತ್ತು 8. 4.27 ಅಂದರೆ 47 ಮತ್ತು 11. ಹೌಸಿಂಗ್ ಬಿಚ್ಚದೆಯೂ ತಿಳಿಯಬಹುದು. ಮುಂದಿನ ಚಕ್ರಗಳಿಗೆ ಕಲ್ಲು ಕೊಡಿ, ಗೇರು ನ್ಯೂಟ್ರಲ್‌ನಲ್ಲಿರಲಿ, ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕ್‌ನಲ್ಲಿ ಎತ್ತಿ. ಆ ಚಕ್ರವನ್ನು ಪೂರ್ತಿ ಎರಡು ಸುತ್ತು ತಿರುಗಿಸಿ (ಇನ್ನೊಂದು ಚಕ್ರ ನೆಲದಲ್ಲಿ ನಿಂತಿರುವುದರಿಂದ ಎರಡು ಸುತ್ತಿಗೆ ಕ್ರೌನ್ ಒಂದೇ ಸುತ್ತು ತಿರುಗುತ್ತದೆ), ಆಕ್ಸಲ್‌ಗೆ ಬರುವ ಪ್ರೊಪೆಲರ್ ಶಾಫ್ಟ್ ಎಷ್ಟು ಸುತ್ತಿತು ಅಂತ ಎಣಿಸಿ. ಐದೂ ಕಾಲಿಗಿಂತ ಸ್ವಲ್ಪ ಜಾಸ್ತಿ ಬಂದರೆ 5.38. ಐದಕ್ಕೆ ಚೂರು ಕಡಿಮೆ ಬಂದರೆ 4.88. ಹಳೇ ಜೀಪುಗಳು ಎಷ್ಟೋ ಕೈ ದಾಟಿ ಬಂದಿರುತ್ತವೆ. ಮಾರಿದವರು ಹೇಳಿದ್ದನ್ನು ಸುಮ್ನೆ ನಂಬುವುದಕ್ಕಿಂತ ಇದು ವಾಸಿ.

ಬದಲಿಸಿದ್ದು ಬೇಲೂರು–ಹಾಸನ ರಸ್ತೆಗಾಗಿ. ಲೆಕ್ಕ ಸುಲಭ. ಗಂಟೆಗೆ 60 ಕಿ.ಮೀ. ಅಂದರೆ ನಿಮಿಷಕ್ಕೆ 1000 ಮೀಟರ್. 6.00-16 ಟೈರು ಒಂದು ಸುತ್ತಿಗೆ ಹತ್ತಿರ ಹತ್ತಿರ 2.2 ಮೀಟರ್ ಹೋಗುತ್ತದೆ. ಅಲ್ಲಿಗೆ ಚಕ್ರ ನಿಮಿಷಕ್ಕೆ ಸುಮಾರು 455 ಸುತ್ತು. ಟಾಪ್ ಗೇರು ನೇರ (1:1) ಇರುವುದರಿಂದ 5.38ರಲ್ಲಿ ಎಂಜಿನ್ 2450ರ ಹತ್ತಿರ ತಿರುಗುತ್ತದೆ, 4.88ರಲ್ಲಿ 2200, 4.27ರಲ್ಲಿ 1950. ಟ್ರ್ಯಾಕ್ಟರ್ ಮೂಲದ ಎಂಜಿನ್‌ಗೆ ಆ ಮೊದಲನೇ ಲೆಕ್ಕ ಹಿಂಸೆ. ಪಕ್ಕದಲ್ಲಿ ಕೂತವರ ಜೊತೆ ಮಾತಾಡಲು ಆಗುತ್ತಿರಲಿಲ್ಲ. ಈಗ 60ರಲ್ಲಿ ಆರಾಮಾಗಿ ಮಾತಾಡಬಹುದು. ಹಾಸನ ತಲುಪುವಾಗ ತಲೆ ಹಿಡಿದುಕೊಳ್ಳುವುದು ತಪ್ಪಿದೆ. ಇಷ್ಟಕ್ಕೇ ನನಗೆ ಖರ್ಚು ಮಾಡಿದ್ದು ಸಾರ್ಥಕ ಅನಿಸಿದೆ.

ಹತ್ತುವುದರಲ್ಲಿ ಭಯಪಟ್ಟಷ್ಟು ನಷ್ಟವಿಲ್ಲ. ಚಕ್ರಕ್ಕೆ ಸಿಗುವ ಎಳೆತ ಶೇ. 9ರಷ್ಟು ಕಡಿಮೆಯಾಗಿದೆ ಅಷ್ಟೇ. ಗೊಬ್ಬರ ತುಂಬಿಕೊಂಡು ಕೈಮರ ದಾಟಿದ ಮೇಲೆ ಎರಡನೇ ಗೇರಿನಲ್ಲೇ ಹತ್ತುತ್ತದೆ. ತಿರುವುಗಳಲ್ಲಿ ವೇಗ ಬೀಳದ ಹಾಗೆ ಸ್ವಲ್ಪ ಮುಂಚೆಯೇ ಎಕ್ಸಲರೇಟರ್ ಕೊಡಬೇಕು. ತೋಟದ ಒಳಗಿನ ಕೆಸರಿಗೆ ಹೇಗೂ ಲೋ ಗೇರ್ ಇದೆ. ಟಿ-90ರ ಮೊದಲನೇ ಗೇರು 2.8, ಟ್ರಾನ್ಸ್‌ಫರ್‌ನ (ಗೇರ್‌ಬಾಕ್ಸ್‌ನಿಂದ ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಪೆಟ್ಟಿಗೆಯ) ಲೋ 2.46. ಇದಕ್ಕೆ 5.38 ಗುಣಿಸಿದರೆ 37, 4.88 ಗುಣಿಸಿದರೆ 33.6. ಮಳೆಗಾಲದ ಜಿಗುಟು ಮಣ್ಣಿನಲ್ಲೂ ನನಗೆ ವ್ಯತ್ಯಾಸ ಗೊತ್ತಾಗಿಲ್ಲ.

ಇನ್ನು ಇಳಿಜಾರು. ನಮ್ಮ ಭಾರ ಮೇಲಿಂದ ಕೆಳಗೆ ಬರುತ್ತದೆ. 50 ಕೆ.ಜಿ.ಯ ಹನ್ನೆರಡು ಮೂಟೆ ಹಾಕಿದರೂ 600 ಕೆ.ಜಿ. ಆಯಿತು, ಟ್ರೇಲರ್ ತೂಕ ಬೇರೆ. ಟ್ರೇಲರಿಗೆ ಬ್ರೇಕ್ ಇಲ್ಲ. ಜೀಪಿನ ನಾಲ್ಕೂ ಡ್ರಮ್ ಬ್ರೇಕ್. ಒತ್ತುತ್ತಲೇ ಇಳಿದರೆ ಕಾದು ಹಿಡಿತ ಬಿಡುತ್ತವೆ. ಹಾಗಾಗಿ ಎಂಜಿನ್ನೇ ಹಿಡಿದು ನಿಲ್ಲಿಸಬೇಕು. ಲೋ ಹಾಕಿಕೊಂಡು ಇಳಿಯಬಹುದಲ್ವಾ ಅಂತ ಕೇಳುವವರಿದ್ದಾರೆ. ಡಾಂಬರಿನ ಮೇಲೆ ಅದು ಆಗದ ಮಾತು. ಈ ಜೀಪಿನ ಟ್ರಾನ್ಸ್‌ಫರ್‌ನಲ್ಲಿ ಫೋರ್ ವೀಲ್ ಹಾಕದೆ ಲೋ ಬೀಳುವುದೇ ಇಲ್ಲ. ಒಣ ಡಾಂಬರಿನ ತಿರುವಿನಲ್ಲಿ ಫೋರ್ ವೀಲ್ ಹಾಕಿದರೆ ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆ ಬೇರೆ ದೂರ ಓಡಬೇಕಾಗಿ ಶಾಫ್ಟು ಬಿಗಿದುಕೊಳ್ಳುತ್ತದೆ. ಸ್ಟೀರಿಂಗ್ ತಿರುಗುವುದಿಲ್ಲ, ಗೇರು ಬಿಡಿಸಲು ಬರುವುದಿಲ್ಲ. ಆದ್ದರಿಂದ ಘಾಟಿ ರಸ್ತೆಯಲ್ಲಿ ನಮ್ಮ ಕೈಯಲ್ಲಿ ಉಳಿಯುವುದು ಮೂರು ಗೇರು ಮತ್ತು ಆಕ್ಸಲ್ ರೇಶಿಯೋ ಮಾತ್ರ.

25 ಕಿ.ಮೀ. ವೇಗದಲ್ಲಿ ಎರಡನೇ ಗೇರಿನಲ್ಲಿ ಇಳಿಯುವಾಗ 5.38ರಲ್ಲಿ ಎಂಜಿನ್ 1580 ಇರುತ್ತಿತ್ತು. ಈಗ 1430. ಹಿಡಿತ ಕಡಿಮೆಯಾಗಿರುವುದು ಕಾಲಿಗೆ ಗೊತ್ತಾಗುತ್ತದೆ. ಮೊದಲು ಎರಡನೇ ಗೇರಿನಲ್ಲಿ ಇಳಿಯುತ್ತಿದ್ದ ಕಡಿದಾದ ಜಾಗಗಳಿಗೆ ಈಗ ಮೊದಲನೇ ಗೇರು, 15ರ ವೇಗ. ಟಿ-90ರ ಮೊದಲನೇ ಗೇರಿಗೆ ಸಿಂಕ್ರೊ ಇಲ್ಲ, ಓಡುವಾಗ ಹಾಕಲು ಹೋದರೆ ಹಲ್ಲು ಹಲ್ಲು ಕಚ್ಚುತ್ತದೆ. ಅದಕ್ಕೇ ಇಳಿಜಾರು ಶುರುವಾಗುವ ಮುಂಚೆ ಪೂರ್ತಿ ನಿಲ್ಲಿಸಿ ಮೊದಲನೇ ಗೇರು ಹಾಕಿಯೇ ಹೊರಡುತ್ತೇನೆ. ಜೀಪು ಓಡಿಸುವ ನಮ್ಮ ಹುಡುಗರಿಗೂ ಇದೇ ಕಟ್ಟುನಿಟ್ಟು. 4.27 ಹಾಕಿದ್ದರೆ ಅದೇ 25ರಲ್ಲಿ 1250 ಮಾತ್ರ. ತುಂಬಿದ ಟ್ರೇಲರ್ ಹಿಂದಿನಿಂದ ನೂಕುವಾಗ ಅದು ಏನೂ ಅಲ್ಲ. ಡೀಸೆಲ್ ಉಳಿಯುತ್ತದೆ ಅಂತ 4.27 ಹಾಕಿಸಿ ಟ್ರೇಲರ್ ಕಟ್ಟುವವರನ್ನು ಕಂಡರೆ ನನಗೆ ನಿಜವಾಗಿ ಹೆದರಿಕೆಯಾಗುತ್ತದೆ.

ಅಮೆರಿಕದ ಪಿಕಪ್‌ಗಳ ಲೆಕ್ಕ ನೋಡಿ 3.73, 4.10 ಸಾಕು ಅನ್ನುವವರೂ ಸಿಗುತ್ತಾರೆ. ಅಲ್ಲಿನ ಎಂಜಿನ್ ಎರಡು ಮೂರು ಪಟ್ಟು ದೊಡ್ಡದು. ಆ ಅಂಕಿ ಇಲ್ಲಿಗೆ ಹೊಂದುವುದಿಲ್ಲ.

ಮೀಟರ್ ವಿಷಯ ಯಾರೂ ಮುಂಚೆ ಹೇಳುವುದಿಲ್ಲ. ಸ್ಪೀಡೋಮೀಟರ್ ಕೇಬಲ್ ಟ್ರಾನ್ಸ್‌ಫರ್‌ನಿಂದ ಬರುತ್ತದೆ, ಅಂದರೆ ಆಕ್ಸಲ್‌ಗಿಂತ ಮುಂಚೆ. 4.88 ಹಾಕಿದ ಮೇಲೆ ಮೀಟರ್ 50 ತೋರಿಸುವಾಗ ನಿಜದಲ್ಲಿ 55 ಹೋಗುತ್ತಿರುತ್ತೀರಿ. ಕಿಲೋಮೀಟರೂ ಹಾಗೇ, 100 ಓಡಿದೆ ಅಂದರೆ 110 ಓಡಿರುತ್ತದೆ. ಇದನ್ನು ಸೇರಿಸದೆ ಮೈಲೇಜ್ ಲೆಕ್ಕ ಹಾಕಿದರೆ ಏನೂ ಲಾಭವಿಲ್ಲ ಅನಿಸುತ್ತದೆ. ಸರಿಯಾಗಿ ನೋಡಿದರೆ ಹಾಸನದ ರಸ್ತೆಯಲ್ಲಿ ಸ್ವಲ್ಪ ಉಳಿತಾಯ ಇದೆ, ತೋಟದ ಓಡಾಟದಲ್ಲಿ ಇಲ್ಲ.

ಕೆಲಸ ಮಾಡಿಸುವಾಗ ಎರಡೂ ಆಕ್ಸಲ್ ಒಟ್ಟಿಗೆ ಮಾಡಿಸಿ. ಹಿಂದೆ ಒಂದು, ಮುಂದೆ ಒಂದು ರೇಶಿಯೋ ಇದ್ದರೆ ಫೋರ್ ವೀಲ್ ಹಾಕಿದ ದಿನ ಏನಾದರೂ ಮುರಿಯುತ್ತದೆ. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಉಜ್ಜಿ ತಯಾರಿಸಿದವು. ಎರಡರ ಮೇಲಿನ ನಂಬರ್ ಒಂದೇ ಇದೆಯಾ ನೋಡಿಯೇ ತೆಗೆದುಕೊಳ್ಳಿ. ನನ್ನ ಜೀಪಿನ ಮುಂದಿನ ಆಕ್ಸಲ್ ಕಟ್ಟಿದ ವರ್ಕ್‌ಶಾಪಿನವರು ಹಲ್ಲಿಗೆ ಬಣ್ಣ ಬಳಿದು ಗುರುತು ನೋಡದೆ, ಹಳೇ ಶಿಮ್‌ಗಳನ್ನೇ (ಸಂದು ಸರಿಹೊಂದಿಸುವ ತೆಳು ತಗಡುಗಳು) ಹಾಕಿ ಮುಚ್ಚಿದ್ದರು. ಫೋರ್ ವೀಲ್ ಹಾಕಿದರೆ ಗುಂಯ್ ಅಂತ ಸದ್ದು. ಮತ್ತೆ ಬಿಚ್ಚಿಸಿ ಬೇರೆ ಕಡೆ ಸರಿ ಮಾಡಿಸಬೇಕಾಯಿತು. ಪಿನಿಯನ್ ಆಳ, ಹಲ್ಲುಗಳ ನಡುವಿನ ಸಂದು ಎರಡನ್ನೂ ಡಯಲ್ ಗೇಜ್ ಇಟ್ಟು ಅಳೆಯುವವರ ಹತ್ತಿರವೇ ಹೋಗಿ. ಹೊಸ ಸೆಟ್ ಹಾಕಿದ ಮೇಲೆ 800 ಕಿ.ಮೀ. ತನಕ ಟ್ರೇಲರ್ ಕಟ್ಟಬೇಡಿ. ಆಮೇಲೆ ಗೇರ್ ಆಯಿಲ್ ಬದಲಿಸಿ. ಮೊದಲ ಆಯಿಲ್‌ನಲ್ಲಿ ಬರುವ ಲೋಹದ ಪುಡಿ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ.

7.00-16 ಟೈರು ಹಾಕುವ ಯೋಚನೆ ಇದ್ದರೆ ಮೊದಲು ಅದನ್ನು ತೀರ್ಮಾನಿಸಿ. ಆ ಟೈರು ಸುತ್ತಿಗೆ 2.35 ಮೀಟರ್ ಹೋಗುತ್ತದೆ. 5.38 ಇದ್ದ ಹಾಗೇ ಅದೊಂದನ್ನೇ ಹಾಕಿದರೂ 5.04 ಇದ್ದಷ್ಟಾಗುತ್ತದೆ, ಎಷ್ಟೋ ಜನಕ್ಕೆ ಅಷ್ಟೇ ಸಾಕು. 4.88 ಹಾಕಿಸಿ ಟೈರನ್ನೂ ದೊಡ್ಡದು ಮಾಡಿದರೆ 4.57ಕ್ಕೆ ಬರುತ್ತೀರಿ. ಟ್ರೇಲರ್ ಇರುವವರಿಗೆ ನಾನು ಅದನ್ನು ಹೇಳುವುದಿಲ್ಲ. ಐದು ಗೇರಿನ ಬಾಕ್ಸ್ ಕೂರಿಸಿದವರಂತೂ ಆಕ್ಸಲ್ ಮುಟ್ಟುವುದೇ ಬೇಡ. ಐದನೇ ಗೇರು 0.85 ಇದ್ದರೆ ರಸ್ತೆಯಲ್ಲಿ 5.38 ಕೂಡ 4.57ರಂತೆಯೇ ಓಡುತ್ತದೆ. ಬಾಕ್ಸ್ ಕೊಳ್ಳುವ ಮುಂಚೆ ಅದರ ಮೊದಲೆರಡು ಗೇರುಗಳ ಅಂಕಿ ಕೇಳಿ ಬರೆದುಕೊಳ್ಳಿ. ಟಿ-90ರ 2.8 ಮತ್ತು 1.55ಕ್ಕಿಂತ ಕಡಿಮೆ ಇದ್ದರೆ ಆ ಬಾಕ್ಸ್ ಘಾಟಿಗೆ ಬೇಡ.